ಮೂರು ಮುಳುಗು

ಅಂಗಾರ ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕಥೆ ಮುಗಿದ ಮೇಲೆ ಹೇಳಿದರೆ ಯಾರೂ ಒಪ್ಪಲಿಕ್ಕಿಲ್ಲ. ಬೆಂಗ್ರೆಯಲ್ಲಿ ಯಾರ ಮನೆಯಲ್ಲಿ ಸಾವಾದರೂ ಮೊದಲು ಹೆಗಲು ಕೊಡುವವ ಅವನು. ಯಾರ ದೋಣಿ ಮರಳಿಗೆ ಸಿಕ್ಕಿದರೂ ಕಲಸಿದ ಅನ್ನ ಬಿಟ್ಟು ಓಡುವವ ಅವನು. ಗೋವೆಯಿಂದ ಬಂದ ಜೊಕಿಮನನ್ನು ಬೆಂಗ್ರೆಯ ರಂಪಣಿ ಬಲೆಗೆ ಸೇರಿಸಿದವನೂ ಅವನೇ. ಆಮೇಲೆ ಆದದ್ದು ಬೇರೆ.

ಮಂಗಳೂರಿನ ಧಕ್ಕೆಯಲ್ಲಿ ದೋಣಿ ಹತ್ತಿ ಹೊಳೆ ದಾಟಿದರೆ ಬೆಂಗ್ರೆ. ಈಚೆ ಹೊಳೆ, ಆಚೆ ಸಮುದ್ರ, ನಡುವೆ ಒಂದು ಪಟ್ಟಿ ಮರಳು. ಆ ಮರಳಿನ ಮೇಲೆ ತೆಂಗಿನ ಮರಗಳು, ಮನೆಗಳು, ಸಮುದ್ರದ ದೈವ ಬೊಬ್ಬರ್ಯನ ಕಟ್ಟೆ. ಆ ಕಾಲದಲ್ಲಿ ಅಲ್ಲಿಯ ಮೀನುಗಾರರೆಲ್ಲ ಬದುಕುತ್ತಿದ್ದದ್ದು ರಂಪಣಿಯಿಂದ. ರಂಪಣಿ ಎಂದರೆ ಒಬ್ಬನ ಬಲೆಯಲ್ಲ. ಅರವತ್ತು ಮನೆಯ ಅರವತ್ತು ತುಂಡು. ಮಳೆಗಾಲ ಪೂರ್ತಿ ಪ್ರತಿ ಮನೆಯವರೂ ತಮ್ಮ ತಮ್ಮ ತುಂಡನ್ನು ಹೆಣೆದು, ಹರಿದದ್ದನ್ನು ಸರಿಮಾಡಿ, ತೊಗಟೆ ಬೇಯಿಸಿದ ಕೆಂಪು ನೀರಿನಲ್ಲಿ ಮೂರು ಸಲ ಮುಳುಗಿಸಿ ಮೂರು ಸಲ ಒಣಗಿಸಬೇಕು. ಇಲ್ಲದಿದ್ದರೆ ಉಪ್ಪುನೀರಿಗೆ ನೂಲು ಕೊಳೆಯುತ್ತದೆ. ಮಳೆ ಹಿಂದೆ ಸರಿದು, ಸಮುದ್ರಕ್ಕೆ ಹಾಲು ಎರೆದ ಮೇಲೆ ಒಂದು ಬೆಳಿಗ್ಗೆ ಎಲ್ಲ ತುಂಡುಗಳನ್ನೂ ಬೊಬ್ಬರ್ಯನ ಕಟ್ಟೆಯ ಎದುರು ಹಾಸಿ, ಒಂದಕ್ಕೊಂದು ಸೇರಿಸಿ ಕಟ್ಟುತ್ತಾರೆ.

ಕಟ್ಟಿದ ಮೇಲೆ ಊರಿನ ಯಜಮಾನರಾದ ಗುರಿಕಾರರು ಬಲೆಯ ಒಂದು ತುದಿಯಿಂದ ನಡೆದುಕೊಂಡು ಬರುತ್ತಾರೆ. ಒಬ್ಬೊಬ್ಬನ ಎದುರೂ ನಿಂತು ಕೇಳುತ್ತಾರೆ: "ಮೂರು ಮುಳುಗು ಆಯ್ತಾ?" ಅವನು ತನ್ನ ತುಂಡಿನ ಮೇಲೆ ಕೈ ಇಟ್ಟು "ಆಯ್ತು" ಅನ್ನಬೇಕು. ಅಷ್ಟೇ. ಎಳೆದು ನೋಡುವುದು, ತಿರುವಿ ನೋಡುವುದು ಇಲ್ಲ. ಬಲೆ ಮುಟ್ಟಿ ಸುಳ್ಳು ಹೇಳಿದವ ಮೂರು ವರ್ಷ ಬಲೆಯಿಂದ ಹೊರಗೆ ಎಂಬುದು ಮಕ್ಕಳಿಗೂ ಗೊತ್ತು. ಹೊರಗೆ ಅಂದರೆ ಹೊಟ್ಟೆಗಿಲ್ಲ ಎಂದೇ ಅರ್ಥ. ಯಾಕೆಂದರೆ ತುಂಡು ಇದ್ದವನಿಗೆ ಪಾಲು. ಬರೀ ಹಗ್ಗ ಎಳೆದವನಿಗೆ ಒಂದು ಬೊಗಸೆ ಮೀನು.

ಜೊಕಿಮ್ ಆ ಒಂದು ಬೊಗಸೆಗೆ ಬಂದವ. ಸಾವಿರದ ಒಂಬೈನೂರ ಐವತ್ತೈದು. ಗೋವೆಯ ಗಡಿ ಮುಚ್ಚಿದ ವರ್ಷ. ಅಲ್ಲಿ ಅವನಿಗೆ ಸ್ವಂತ ದೋಣಿ ಇತ್ತಂತೆ. ಪೋರ್ಚುಗೀಸರು ತೊಲಗಲಿ ಎಂದು ಕಾಗದ ಹಂಚುತ್ತಿದ್ದ ಇಬ್ಬರನ್ನು ಒಂದು ಸಂಜೆ ಹೊಳೆ ದಾಟಿಸಿದ್ದನಂತೆ. ಅಷ್ಟಕ್ಕೆ ಪೊಲೀಸರು ದೋಣಿ ಸುಟ್ಟು, ಅವನ ಅಂಗೈಗೆ ಮರದ ಹಲಗೆಯಿಂದ ಹೊಡೆದು ಹೊಡೆದು ಬಲಗೈಯ ಎರಡು ಬೆರಳು ಮಡಚದ ಹಾಗೆ ಮಾಡಿ ಬಿಟ್ಟಿದ್ದರು. ಹೆಂಡತಿ ಬೆನಿಟಾಳನ್ನು ಕರೆದುಕೊಂಡು, ಕೋಣದ ಕೊಂಬಿನಲ್ಲಿ ಮಾಡಿದ ಬಲೆಸೂಜಿಯೊಂದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕಾರವಾರದ ದಾರಿಯಾಗಿ ಬಸ್ಸು ಬದಲಿಸುತ್ತಾ ಮಂಗಳೂರಿನ ಹಂಪನಕಟ್ಟೆಯಲ್ಲಿ ಬಂದು ಇಳಿದವ, ಮೀನಿನ ವಾಸನೆ ಹಿಡಿದುಕೊಂಡೇ ಧಕ್ಕೆಗೆ ನಡೆದಿದ್ದ.

ಬೆಂಗ್ರೆಯ ಅಂಚಿನಲ್ಲಿ, ಅಂಗಾರನ ಮನೆಯ ಬೇಲಿ ಮುಗಿಯುವಲ್ಲಿ, ತೆಂಗಿನ ಮಡಲು ಹೊದಿಸಿದ ಗುಡಿಸಲು ಹಾಕಿಕೊಂಡ. ತುಳುನಾಡಿನಲ್ಲಿ ಕ್ರಿಸ್ತರನ್ನು ಕರೆಯುವಂತೆ ಎಲ್ಲರೂ ಅವನನ್ನು ಪೊರ್ಬು ಎಂದರು, ಅವಳನ್ನು ಬಾಯಮ್ಮ ಎಂದರು. ಅವಳು ಮೊಣಕಾಲು ಮುಚ್ಚುವ ಲಂಗದ ಹಾಗಿನ ಫ್ರಾಕು ಹಾಕುತ್ತಿದ್ದಳು. ಮಕ್ಕಳು ಹಿಂದೆ ಹಿಂದೆ ಓಡುತ್ತಿದ್ದವು. ಅಂಗಾರನ ಹೆಂಡತಿ ಅಕ್ಕು ಮಕ್ಕಳನ್ನು ಗದರಿಸಿ ಓಡಿಸಿ, ಅವಳಿಗೆ ತನ್ನದೊಂದು ಹಳೆಯ ಸೀರೆ ಕೊಟ್ಟು, ಕಚ್ಚೆ ಇಲ್ಲದೆ ಉಡುವುದು ಹೇಗೆ, ಬುಟ್ಟಿ ತಲೆಯ ಮೇಲೆ ನಿಲ್ಲುವ ಹಾಗೆ ಸಿಂಬೆ ಸುತ್ತುವುದು ಹೇಗೆ ಎಂದು ತೋರಿಸಿದಳು. ತಿಂಗಳಾಗುವಷ್ಟರಲ್ಲಿ ಇಬ್ಬರೂ ಒಟ್ಟಿಗೆ ಹೊಳೆ ದಾಟಿ ಮೀನು ಮಾರುತ್ತಿದ್ದರು. ಬೆನಿಟಾಳ ತುಳು ಕೇಳಿ ಅಕ್ಕು ನಕ್ಕು ನಕ್ಕು ಸಾಯುತ್ತಿದ್ದಳು. "ಬಾಯಮ್ಮ, ನೀನು ಬಂಗುಡೆ ಮೀನಿಗೆ ಬಹುವಚನ ಕೊಟ್ಟು ಮಾತಾಡ್ತಿ, ಗಿರಾಕಿಯನ್ನು ನೀನು ಅಂತಿ! ಇದು ಎಂತ ಮಾರಾಯ್ತಿ!"

ಒಂದು ವರ್ಷ ಜೊಕಿಮ್ ಹಗ್ಗ ಎಳೆದ. ಮಾತಿಲ್ಲ, ಕತೆಯಿಲ್ಲ. ಭಾನುವಾರ ಇಗರ್ಜಿಯ ಪೂಜೆ ತಪ್ಪಿಸಿಯಾದರೂ ಎಳೆದ. ಸಂಜೆ ಮನೆಯ ಎದುರು ಕೂತು ಗಂಡ ಹೆಂಡತಿ ಇಬ್ಬರೂ ಬಲೆ ಹೆಣೆದರು. ಎರಡು ಬೆರಳು ಮಡಚದ್ದರಿಂದ ಅವನು ಗಂಟು ಹಾಕುವಾಗ ನೂಲಿಗೆ ಒಂದು ಸುತ್ತು ಹೆಚ್ಚು ಕೊಡುತ್ತಿದ್ದ. ಹಾಗಾಗಿ ಗಂಟು ತುಸು ದಪ್ಪ. "ಗೋವೆ ಗಂಟು, ಗೋವೆ ಗಂಟು" ಎಂದು ಬಲೆಯ ಜೊತೆಗಾರ ತುಕ್ರ ಗೇಲಿ ಮಾಡುತ್ತಿದ್ದ. ತುಕ್ರನ ಬಾಯಿಗೆ ಬೀಗ ಇಲ್ಲ. ಅವನ ತಾಯಿಯೇ ಹಾಗೆ ಹೇಳುತ್ತಿದ್ದಳು.

ಮರುವರ್ಷ ಮಳೆ ಹಿಡಿಯುವ ಮೊದಲು ಜೊಕಿಮ್ ಗುರುವಪ್ಪ ಗುರಿಕಾರರ ಅಂಗಳಕ್ಕೆ ಹೋಗಿ, ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದು ನಿಂತು, ತನ್ನ ತುಂಡು ತಯಾರಾಗುತ್ತದೆ, ಸೇರಿಸಿಕೊಳ್ಳಬೇಕು ಎಂದು ಕೇಳಿಕೊಂಡ. ಗುರಿಕಾರರು ಎಲ್ಲರನ್ನೂ ಕರೆಸಿದರು. "ಇವನ ಬದಿಗೆ ಯಾರು ಕಟ್ಟಿಕೊಳ್ತೀರಿ?" ಬದಿಯವ ಅಂದರೆ ಸುಮ್ಮನೆ ಅಲ್ಲ. ಹೊಸಬನ ಪರವಾಗಿ ಮಾತಾಡಬೇಕಾದವ ಅವನೇ. ಅರವತ್ತು ಜನ ಅರವತ್ತು ದಿಕ್ಕಿಗೆ ನೋಡಿದರು.

"ನಾನು ಕಟ್ಟಿಕೊಳ್ತೇನೆ," ಎಂದ ಅಂಗಾರ. ಹೇಳುವಾಗ ಎದೆ ಒಂದಿಷ್ಟು ಉಬ್ಬಿದ್ದೂ ಹೌದು. ಮನುಷ್ಯನಲ್ಲವೇ?

ಜುಲೈಯಲ್ಲಿ ಅಕ್ಕು ಮಲಗಿದಳು. ಟೈಫಾಯ್ಡ್. ಧೋ ಎಂದು ಮಳೆ ಸುರಿಯುತ್ತಿದ್ದಾಗ ಅವಳನ್ನು ಚಾಪೆಯಲ್ಲಿ ಸುತ್ತಿ ದೋಣಿ ದಾಟಿಸಿ ಆಸ್ಪತ್ರೆಗೆ ಸೇರಿಸಿದರು. ಒಂದು ತಿಂಗಳು ಹತ್ತು ದಿನ. ಅಂಗಾರ ಹೊಳೆಯಾಚೆ ಈಚೆ ಓಡಾಡಿ ಅರ್ಧ ಆದ. ಬೆನಿಟಾ ಅಲ್ಲೇ ಉಳಿದಳು. ರಾತ್ರಿ ಹಗಲು ಅಕ್ಕುವಿನ ಮಂಚದ ಕೆಳಗೆ ಮಲಗಿ, ಅವಳ ಹೇಸಿಗೆ ಬಟ್ಟೆ ಒಗೆದು, ಗಂಜಿ ಕುಡಿಸಿ ಬದುಕಿಸಿಕೊಂಡು ಬಂದಳು. ಅಷ್ಟು ದಿನವೂ ಅಂಗಾರನ ಬಲೆತುಂಡು ಮಾಡಿನ ಕೆಳಗೆ ಒದ್ದೆಯಾಗಿ ರಾಶಿ ಬಿದ್ದಿತ್ತು.

ಮನೆಗೆ ಬಂದ ಮೇಲೆ ನೋಡಿದ. ಹೆಬ್ಬೆರಳಿನಿಂದ ಒತ್ತಿದರೆ ಒಂದು ಕಡೆ ನೂಲು ಸದ್ದಿಲ್ಲದೆ ಬಿಟ್ಟುಕೊಂಡಿತು. ಬಲೆ ಕಟ್ಟುವುದಕ್ಕೆ ಇನ್ನು ಐದೇ ದಿನ. ಮೂರು ಸಲ ಮುಳುಗಿಸಿ ಮೂರು ಸಲ ಒಣಗಿಸಲು ಬಿಸಿಲೆಲ್ಲಿ? ಹೊಸದಾಗಿ ಹೆಣೆಯಲು ಹೊತ್ತೆಲ್ಲಿ? ಒಂದು ಸಲ ಮುಳುಗಿಸಿದ. ಕೆಂಪು ಬಣ್ಣ ಹಿಡಿಯಿತು, ನೋಡಲು ಚೆನ್ನಾಗಿಯೇ ಇತ್ತು. 'ಈ ಒಂದು ವರ್ಷ ತಡೆದೀತು, ಬೊಬ್ಬರ್ಯನಿಗೆ ನನ್ನ ಕಷ್ಟ ಗೊತ್ತಿಲ್ಲವಾ?' ಎಂದುಕೊಂಡ. ಗುರಿಕಾರರಿಗೆ ಹೋಗಿ ಹೇಳಬಹುದಿತ್ತು. ಹೇಳಿದ್ದರೆ ತುಂಡು ಬಿಟ್ಟು ಕಟ್ಟುತ್ತಿದ್ದರು, ಆ ವರ್ಷದ ಪಾಲು ಹೋಗುತ್ತಿತ್ತು. ಹಾಸಿಗೆಯಿಂದ ಎದ್ದು ಗೋಡೆ ಹಿಡಿದು ನಡೆಯುವ ಹೆಂಡತಿಗೆ ಏನು ಕೊಡುವುದು?

"ಅಂಗಾರ, ಮೂರು ಮುಳುಗು ಆಯ್ತಾ?"

ಅಂಗಾರ ಬಲೆಯ ಮೇಲೆ ಕೈ ಇಟ್ಟ. "ಆಯ್ತು."

ಪಕ್ಕದಲ್ಲಿ ಜೊಕಿಮ್ ಇದ್ದ. ಅವನು ಅಂಗಾರನ ಮುಖ ನೋಡಲಿಲ್ಲ, ಕೈಯನ್ನು ನೋಡಿದ. ಆಮೇಲೆ ತನ್ನ ಸರದಿ ಬಂದಾಗ ಇಡೀ ಕಡಲ ದಂಡೆಗೆ ಕೇಳುವಂತೆ "ಆಯ್ತು!" ಎಂದು ಕೂಗಿದ. ಎಲ್ಲರೂ ನಕ್ಕರು. ಬೆನಿಟಾ ಕಣ್ಣೊರೆಸಿಕೊಂಡಳು.

ಮೂರು ತಿಂಗಳು ಬಲೆ ತಡೆಯಿತು. ಅಂಗಾರ ಮರೆತೇಬಿಟ್ಟಿದ್ದ ಎಂದರೂ ತಪ್ಪಲ್ಲ. ಡಿಸೆಂಬರಿನ ಒಂದು ಬೆಳಿಗ್ಗೆ ಸಮುದ್ರದಲ್ಲಿ ಬಂಗುಡೆ ಬಂತು. ಬಂತು ಎಂದರೆ ಅಂತಿಂಥ ಬರುವಿಕೆಯಲ್ಲ. ನೀರಿನ ಬಣ್ಣವೇ ಕಪ್ಪುಗೆಂಪಾಗಿ ಉದ್ದಕ್ಕೂ ಕುದಿಯುತ್ತಿತ್ತು. ಕಾವಲಿನವ ಕೂಗಿದ್ದೇ ತಡ, ದೊಡ್ಡ ದೋಣಿ ಬಲೆ ಬಿಡುತ್ತಾ ಸುತ್ತು ಹಾಕಿ ಬಂತು. ಎರಡು ಹಗ್ಗ, ಹಗ್ಗಕ್ಕೆ ಮೂವತ್ತು ಮೂವತ್ತು ಜನ. "ಓ ಬೇಲೆ... ಓ ಬೇಲೆ..." ಎಂದು ಎಳೆದರು. ಹೆಂಗಸರು ಬುಟ್ಟಿ ಹಿಡಿದು ಮೊಣಕಾಲ ನೀರಿಗೆ ಇಳಿದರು. ಅಷ್ಟು ಮೀನನ್ನು ಗುರುವಪ್ಪ ಗುರಿಕಾರರೂ ಜನ್ಮದಲ್ಲಿ ಕಂಡಿರಲಿಲ್ಲ. ದಡಕ್ಕೆ ಇನ್ನು ಇಪ್ಪತ್ತು ಮಾರು ಇದೆ ಎನ್ನುವಾಗ ಅಂಗಾರನ ಕೈಯಲ್ಲಿದ್ದ ಹಗ್ಗ ಒಮ್ಮೆಗೇ ಹಗುರವಾಯಿತು.

ಬಲೆ ಹರಿದಿತ್ತು. ಎಲ್ಲಿ ಹರಿದಿದೆ ಎಂದು ನೋಡುವ ಮೊದಲೇ ಅವನಿಗೆ ಗೊತ್ತಿತ್ತು. ಎದುರಿಗೇ ಮೀನು ಸಾಲು ಸಾಲಾಗಿ ಸಮುದ್ರಕ್ಕೆ ವಾಪಸು ಹೋಯಿತು. ಹೆಂಗಸರು ಸೆರಗಿನಿಂದ, ಬುಟ್ಟಿಯಿಂದ, ಬರಿಗೈಯಿಂದ ತಡೆಯಲು ನೋಡಿದರು. ಎಂತ ತಡೆಯುವುದು? ಅರವತ್ತು ಮನೆಯ ಮೂರು ತಿಂಗಳ ಅನ್ನ ಅದು. ಯಾರೋ ಮರಳಲ್ಲಿ ಕೂತು ಗೊಳೋ ಎಂದು ಅತ್ತರು.

"ಗೋವೆ ಗಂಟು! ಬಿಟ್ಟಿತು ನೋಡಿ! ನಾನು ಹೇಳಿರಲಿಲ್ವಾ?" ಹರಿದದ್ದು ಅಂಗಾರನ ತುಂಡೂ ಜೊಕಿಮನ ತುಂಡೂ ಸೇರುವ ಕಡೆ ಎಂದು ಕಂಡದ್ದೇ ತುಕ್ರ ಅರಚಿದ. ಅವನು ಅರಚಿದ್ದೇ ಸಾಕಾಯಿತು. ಎಲ್ಲರ ಸಿಟ್ಟಿಗೂ ಒಂದು ಜಾಗ ಬೇಕಾಗಿತ್ತು, ಸಿಕ್ಕಿತು. ಗುರಿಕಾರರು ನೀರಿಗಿಳಿದು ಹರಿದ ಅಂಚನ್ನು ಎತ್ತಿದರು, ಹೆಬ್ಬೆರಳಿನಲ್ಲಿ ಒಮ್ಮೆ ಒತ್ತಿದರು, ಕೈಬಿಟ್ಟರು.

ಸಂಜೆ ಕಟ್ಟೆಯ ಎದುರು ಎಲ್ಲರೂ ಸೇರಿದರು. ಗುರಿಕಾರರು ಕೇಳಿದರು, "ಜೊಕಿಮ್, ನಿನ್ನದು ಎಂತ ಮಾತು ಉಂಟಾ?"

ಜೊಕಿಮ್ ಅಂಗಾರನನ್ನು ನೋಡಿದ. ನೋಡುತ್ತಲೇ ನಿಂತ.

"ಅಂಗಾರ, ಬದಿಯವ ನೀನು. ನಿನ್ನ ಮಾತು?"

ನನ್ನದು ಒಂದೇ ಮುಳುಗು ಎನ್ನಬೇಕು. ಎಂದರೆ ಮೂರು ವರ್ಷ ಹೊರಗೆ. ಹೆಂಗಸರ ನಡುವೆ ಅಕ್ಕು ನಿಂತಿದ್ದಳು, ಕೂದಲು ಉದುರಿದ ತಲೆಗೆ ಸೆರಗು ಹೊದ್ದು, ಬೆನಿಟಾಳ ಹೆಗಲು ಹಿಡಿದು. ಅವಳನ್ನು ನೋಡಿದ. ತನ್ನ ಕಾಲಿನ ಹೆಬ್ಬೆರಳನ್ನು ನೋಡಿದ.

"ನೀವು ಹೇಳಿದ ಹಾಗೆ ಗುರಿಕಾರ್ರೇ," ಎಂದ.

ಥೂ! ಅದೂ ಒಂದು ಮಾತಾ? ಹೌದು ಎಂದೂ ಅಲ್ಲ, ಇಲ್ಲ ಎಂದೂ ಅಲ್ಲ. ಆದರೆ ಅಷ್ಟೇ ಸಾಕಿತ್ತು. ಜೊಕಿಮನನ್ನು ಬಲೆಯಿಂದ ಬಿಟ್ಟರು. ಅಕ್ಕು ಬೆನಿಟಾಳ ಹೆಗಲಿನಿಂದ ಕೈ ತೆಗೆದಳು.

ಬಲೆ ಬಿಟ್ಟು ಹೋಗುವವ ತನ್ನ ತುಂಡನ್ನು ತಾನೇ ಬಿಚ್ಚಿಕೊಳ್ಳಬೇಕು; ಅದು ಪದ್ಧತಿ. ಮರುದಿನ ಬೆಳಿಗ್ಗೆ ಜೊಕಿಮ್ ಮರಳಲ್ಲಿ ಕೂತು ಅಂಗಾರನ ತುಂಡಿಗೂ ತನ್ನ ತುಂಡಿಗೂ ನಡುವೆ ತಾನು ಹಾಕಿದ್ದ ಗಂಟುಗಳನ್ನು ಬಿಚ್ಚತೊಡಗಿದ. ಗಂಟುಗಳು ಬಿಚ್ಚಿಕೊಳ್ಳಲೇ ಇಲ್ಲ. ಉಪ್ಪುನೀರು ಕುಡಿದು ಬಿಗಿದಿದ್ದವು. ಎರಡು ಬೆರಳು ಮಡಚದ ಕೈಯಲ್ಲಿ, ಕೊಂಬಿನ ಸೂಜಿಯ ತುದಿಯಿಂದ ಒಂದೊಂದನ್ನೇ ಸಡಿಲಿಸುತ್ತಾ, ಹಲ್ಲಿನಿಂದ ಕಚ್ಚಿ ಎಳೆಯುತ್ತಾ ಬಿಸಿಲು ನೆತ್ತಿಗೆ ಬರುವವರೆಗೆ ಕೂತ. ತಾನಾಗಿಯೇ ಬಿಟ್ಟುಹೋಯಿತು ಎಂದು ಹೇಳಿದ ಗಂಟನ್ನು ಒಬ್ಬ ಮನುಷ್ಯ ಅರ್ಧ ದಿನ ಕೂತು ಬಿಚ್ಚುವುದನ್ನು ಅರವತ್ತು ಜನ ನೋಡಿದರು. ಕೊನೆಗೆ ತಡೆಯಲಾರದೆ ತುಕ್ರನೇ ಕತ್ತಿ ತಂದು ಕೊಟ್ಟ.

"ಬೇಡ," ಎಂದ ಜೊಕಿಮ್. "ಅಂಗಾರಣ್ಣನ ಬಲೆಗೆ ತಾಗ್ತದೆ."

ಆ ಸಂಜೆಯ ದೋಣಿಯಲ್ಲಿ ಗಂಡ ಹೆಂಡತಿ ಇಬ್ಬರೂ ಬೆಂಗ್ರೆ ಬಿಟ್ಟರು.

ಅಂಗಾರ ಹರಿದ ತುಂಡನ್ನು ಮನೆಗೆ ತಂದು ಅಂಗಳದಲ್ಲಿ ಹರಡಿದ. ಕೊಳೆತದ್ದನ್ನು ಕತ್ತರಿಸಿ ತೆಗೆದು ಹೊಸದು ಹೆಣೆಯಬೇಕಿತ್ತು. ಕೈಯಾಡಿಸುತ್ತಾ ಹೋದಾಗ ಬೆರಳಿಗೆ ಏನೋ ತಡೆಯಿತು. ಬಗ್ಗಿ ನೋಡಿದ. ದಪ್ಪ ಗಂಟು. ಅದರ ಪಕ್ಕ ಇನ್ನೊಂದು. ಅದರಾಚೆ ಸಾಲಾಗಿ. ಒಂದು ಸುತ್ತು ಹೆಚ್ಚು ಕೊಟ್ಟ ಗಂಟುಗಳು, ನಾಲ್ಕು ಮಾರು ಉದ್ದಕ್ಕೂ. ಅಷ್ಟುದ್ದದ ಕೊಳೆತ ಜಾಗವನ್ನು ಯಾರೋ ಹೊಸ ನೂಲಿನಿಂದ ಹೆಣೆದು ಸರಿಮಾಡಿದ್ದರು. ಆಮೇಲೆ ಅಂಗಾರ ಗಡಿಬಿಡಿಯಲ್ಲಿ ಹಾಗೇ ಮುಳುಗಿಸಿದ್ದರಿಂದ ಎಲ್ಲ ಒಂದೇ ಕೆಂಪಾಗಿ, ಹೊಸ ನೂಲು ಅವನ ಕಣ್ಣಿಗೆ ಬಿದ್ದಿರಲಿಲ್ಲ. ಬಲೆ ಹರಿದದ್ದು ಆ ನಾಲ್ಕು ಮಾರು ಮುಗಿದ ಜಾಗದಲ್ಲಿ. ಗೋವೆ ಗಂಟು ಒಂದೂ ಬಿಟ್ಟಿರಲಿಲ್ಲ.

ಅಂದರೆ ಜೊಕಿಮನಿಗೆ ಮೊದಲೇ ಗೊತ್ತಿತ್ತು. ತಾನು ಬಲೆಯ ಮೇಲೆ ಕೈ ಇಟ್ಟು 'ಆಯ್ತು' ಎಂದಾಗಲೂ ಗೊತ್ತಿತ್ತು. ಕಟ್ಟೆಯ ಎದುರು ನಿಂತು ತನ್ನನ್ನೇ ನೋಡುತ್ತಿದ್ದಾಗಲೂ ಗೊತ್ತಿತ್ತು.

ಅವತ್ತೇ ಎದ್ದು ಹೋಗಿ ಹೇಳಿದನೇ? ಇಲ್ಲ. ಆ ನಾಲ್ಕು ಮಾರನ್ನು ಹಾಗೇ ಬಿಟ್ಟು, ಕೊಳೆತದ್ದನ್ನಷ್ಟೇ ಹೊಸದಾಗಿ ಹೆಣೆದು ತುಂಡನ್ನು ಬಲೆಗೆ ಕಟ್ಟಿದ. ಈಗ ಅವನ ಬದಿಗೆ ಬಂದದ್ದು ತುಕ್ರನ ತುಂಡು. ನಾಳೆ ಹೇಳುತ್ತೇನೆ ಎಂದುಕೊಂಡ. ಮೀನಿನ ಕಾಲ ಮುಗಿಯಲಿ ಎಂದುಕೊಂಡ. ಪಾಲು ತಂದು ಅಕ್ಕುವಿನ ಮುಂದೆ ಇಟ್ಟ, ಉಂಡ, ಮಲಗಿದ. ಅಕ್ಕು ಊಟ ಬಡಿಸುವಾಗ ಒಮ್ಮೊಮ್ಮೆ ಶಪಿಸುತ್ತಿದ್ದಳು: "ಅವನ ಕೈ ಗಂಟಿನಿಂದ ಊರೇ ಹಾಳಾಯ್ತು." ಮರುಕ್ಷಣವೇ, "ಆದ್ರೂ ಬಾಯಮ್ಮ ಇದ್ದಿದ್ರೆ ಪೇಟೆಗೆ ಹೋಗ್ಲಿಕ್ಕೆ ಒಂದು ಜೊತೆ ಆಗ್ತಿತ್ತು," ಎನ್ನುತ್ತಿದ್ದಳು. ಅಂಗಾರ ಕೈ ತೊಳೆದು ಏಳುತ್ತಿದ್ದ.

ಮತ್ತೆ ಮಳೆಗಾಲ ಬಂತು. ಈ ಸಲ ಅಂಗಾರ ತುಂಡನ್ನು ಒಂದಲ್ಲ ಎರಡಲ್ಲ ಮೂರು ಸಲ ಮುಳುಗಿಸಿದ. ಪ್ರತಿ ಸಲ ಹಿಂಡುವಾಗಲೂ ಆ ದಪ್ಪ ಗಂಟುಗಳು ಅಂಗೈಗೆ ಒತ್ತುತ್ತಿದ್ದವು. ಮೂರನೆಯ ಸಲ ಒಣಗಲು ಹಾಕಿದವನೇ ಅಂಗಿ ಹಾಕಿಕೊಂಡು ದೋಣಿ ಹತ್ತಿದ. ಜೊಕಿಮ್ ಮಂಗಳೂರಿನ ಜೆಪ್ಪುವಿನಲ್ಲಿದ್ದಾನೆ ಎಂದು ಧಕ್ಕೆಯಲ್ಲಿ ಯಾರೋ ಹೇಳಿದ್ದರು.

ಜೆಪ್ಪುವಿನ ಕ್ರಿಸ್ತರಾದ ಸೈಮನ್ ಮೇಸ್ಟ್ರು ತಮ್ಮ ಮನೆಯ ಹಿತ್ತಿಲಲ್ಲಿ ಸೌದೆ ಹಾಕುವ ಕೊಟ್ಟಿಗೆಯೊಂದನ್ನು ಗಂಡ ಹೆಂಡತಿಗೆ ಬಾಡಿಗೆಗೆ ಕೊಟ್ಟಿದ್ದರು. ಮೇಸ್ಟ್ರು ಅಂಗಾರನಿಗೆ ದಾರಿ ತೋರಿಸುತ್ತಾ, "ಇವರ ಕೊಂಕಣಿಯೇ ಒಂದು ನಮೂನೆ ಮಾರಾಯ. ಇಗರ್ಜಿಯಲ್ಲಿ ಹಿಂದಿನ ಬೆಂಚಿನಲ್ಲಿ ಕೂರ್ತಾರೆ. ನಮ್ಮವರು ಅಂತ ಹೇಳ್ಲಿಕ್ಕಾಗುದಿಲ್ಲ," ಎಂದರು. ಮೇಸ್ಟ್ರ ಹಿರಿಯರೂ ಗೋವೆಯಿಂದಲೇ ಓಡಿಬಂದವರು, ಇನ್ನೂರು ಮುನ್ನೂರು ವರ್ಷದ ಹಿಂದೆ. ಓಡಿಬಂದದ್ದು ಹಳೆಯದಾದರೆ ಅದಕ್ಕೆ ಮನೆತನ ಎಂದು ಹೆಸರು.

ಜೊಕಿಮ್ ಹಂಚಿನ ಕಾರ್ಖಾನೆಯಲ್ಲಿ ದೋಣಿಯಿಂದ ಆವೆಮಣ್ಣು ಇಳಿಸುವ ಕೆಲಸ ಮುಗಿಸಿ ಆಗಷ್ಟೇ ಬಂದಿದ್ದ. ಮೈಯೆಲ್ಲ ಮಣ್ಣು. ಮಾಡಿನ ಅಡ್ಡಕ್ಕೆ ಬಲೆತುಂಡನ್ನು ಸುರುಳಿ ಸುತ್ತಿ ತೂಗುಹಾಕಿದ್ದ. ಅದಕ್ಕೆ ಧೂಳು ಕೂತಿರಲಿಲ್ಲ. ಬೆನಿಟಾ ನೀರು ತಂದಿಟ್ಟು, ಮೊದಲು ಕೇಳಿದ್ದು ಒಂದೇ: "ಅಕ್ಕುವಿಗೆ ಕೂದಲು ಬಂತಾ?"

"ಬಂತು," ಎಂದ ಅಂಗಾರ. ಆಮೇಲೆ ಅವನಿಗೆ ತಡೆಯಲಾಗಲಿಲ್ಲ. "ನಿನಗೆ ಗೊತ್ತಿತ್ತಲ್ಲ ಜೊಕಿಮ್! ಕಟ್ಟೆಯ ಎದುರು ಯಾಕೆ ಹೇಳಲಿಲ್ಲ?"

"ನಾನು ಹೇಳಿದ್ರೆ ಯಾರು ನಂಬ್ತಾರೆ ಅಂಗಾರಣ್ಣ? ಬಂದು ಒಂದು ವರ್ಷದ ಮನುಷ್ಯ ನಾನು. ಅಂಗಿಯೆಲ್ಲ ಹರಿದು ಹೊಡೀತಿದ್ರು. ನೀನು ಹೇಳ್ಬೇಕಿತ್ತು." ಜೊಕಿಮ್ ದನಿ ಎತ್ತಲಿಲ್ಲ. "ನಾನು ನಿನ್ನ ಮುಖ ನೋಡ್ತಾನೇ ಇದ್ದೆ."

"ಮತ್ತೆ ನನ್ನ ಬಲೆ ಯಾಕೆ ಸರಿಮಾಡಿದಿ?"

"ಬೆನಿಟಾ ಹೇಳಿ ಕಳಿಸಿದ್ಳು. ಅವರು ಆಸ್ಪತ್ರೆಯಲ್ಲಿ ಇದ್ದಾರೆ, ನೀನು ಕೂತು ಮಾಡು ಅಂತ. ನಾಲ್ಕು ಮಾರು ಆಯ್ತು. ಅಷ್ಟರಲ್ಲಿ ನೂಲು ಮುಗೀತು." ಅಂಗೈಯ ಮಣ್ಣು ಉಜ್ಜಿಕೊಳ್ಳುತ್ತಾ ಹೇಳಿದ, "ಇನ್ನೊಂದು ಎರಡು ಮಾರಿಗೆ ನೂಲು ಇದ್ದಿದ್ರೆ ಸಾಕಿತ್ತು."

ಅಂಗಾರ ಅತ್ತುಬಿಟ್ಟ. ಮೂಗು ಒರೆಸಿಕೊಂಡು ಹೇಳಿದ, "ಬಲೆ ಕಟ್ಟುವ ದಿನ ಎಲ್ಲರ ಎದುರು ಹೇಳ್ತೇನೆ. ಆಣೆ. ನೀನು ತುಂಡು ಹಿಡ್ಕೊಂಡು ಬೆಳಿಗ್ಗೆ ಧಕ್ಕೆಯಲ್ಲಿ ನಿಂತಿರು. ನಾನೇ ಬಂದು ಕರ್ಕೊಂಡು ಹೋಗ್ತೇನೆ."

"ಹೌದಾ?" ಎಂದಳು ಬೆನಿಟಾ. ನಂಬಬೇಕೋ ಬೇಡವೋ ಎಂದು ಕೇಳುವ ದನಿ. ಜೊಕಿಮ್ ಮಾತ್ರ ತಲೆ ಎತ್ತಿ ತೂಗುಹಾಕಿದ ಬಲೆಯನ್ನು ನೋಡಿದ.

ಮನೆಗೆ ಬಂದು ಅಕ್ಕುವಿಗೆ ಎಲ್ಲ ಹೇಳಿದ. ಅವಳು ಒಲೆಯ ಮುಂದೆ ಕೂತಲ್ಲೇ ಕೂತಳು. "ನಾನು ಸಾಯ್ಲಿಕ್ಕೆ ಬಿದ್ದಾಗ ನನ್ನ ಬಟ್ಟೆ ಒಗೆದವಳು ಅವಳು," ಎಂದಳು. "ಅವಳ ಹೆಗಲಿಂದ ನಾನು ಕೈ ತೆಗೆದೆನಲ್ಲ!" ಆಮೇಲೆ ಸಣ್ಣ ದನಿಯಲ್ಲಿ, "ಹೇಳಿದ್ರೆ ನಮ್ಮ ಪಾಲು ಹೋಗ್ತದಲ್ವಾ?" ಎಂದು ಕೇಳಿದಳು. ಅಂಗಾರ ಒಲೆಗೆ ಒಂದು ಸೌದೆ ತುರುಕಿದ. ಅವಳು ಎರಡನೆಯ ಸಲ ಕೇಳಲಿಲ್ಲ.

ಬಲೆ ಕಟ್ಟುವ ಹಿಂದಿನ ದಿನ ಅಂಗಾರ ಗುರಿಕಾರರ ಮನೆಗೆ ಹೋದ. ಮೊದಲು ಅವರ ಕಿವಿಗೆ ಹಾಕುವುದು ಮರ್ಯಾದೆ ಎಂದು ಅವನ ಲೆಕ್ಕ. ಗುರುವಪ್ಪ ಗುರಿಕಾರರು ಜಗಲಿಯಲ್ಲಿ ಕೂತು ಎಲೆಗೆ ಸುಣ್ಣ ಸವರುತ್ತಿದ್ದರು. ಅಂಗಾರ ತಡವರಿಸುತ್ತಾ ಹೇಳಿ ಮುಗಿಸುವವರೆಗೂ ಸವರುತ್ತಲೇ ಇದ್ದರು.

"ನನಗೆ ಅವತ್ತೇ ಗೊತ್ತುಂಟು," ಎಂದರು. "ಹೆಬ್ಬೆರಳು ಇಟ್ಟ ಕೂಡ್ಲೆ ಗೊತ್ತಾಯ್ತು. ಐವತ್ತು ವರ್ಷ ಬಲೆ ಹಿಡಿದ ಕೈ ಇದು."

ಅಂಗಾರ ತಲೆ ಎತ್ತಿದ. "ಮತ್ತೆ ನೀವು..."

"ಮತ್ತೆಂತ? ನಿನ್ನನ್ನು ಹೊರಗೆ ಹಾಕ್ಬೇಕಿತ್ತಾ? ಮನೆಯಲ್ಲಿ ಹೆಂಡತಿ ಆಗಷ್ಟೇ ಕಾಯಿಲೆಯಿಂದ ಎದ್ದವಳು. ನಿನ್ನ ಅಪ್ಪ ನನ್ನ ಒಟ್ಟಿಗೆ ದೋಣಿ ಹತ್ತಿದವ. ನೀನು ನಮ್ಮವ." ಎಲೆ ಮಡಚಿ ಬಾಯಿಗಿಟ್ಟರು. "ಅವನು ಎಲ್ಲಿಂದಲೋ ಬಂದವ. ಎಲ್ಲಿಗಾದ್ರೂ ಹೋಗ್ತಾನೆ."

"ಅವನಿಗೆ ಹೋಗ್ಲಿಕ್ಕೆ ಎಲ್ಲಿಯೂ ಇಲ್ಲ ಗುರಿಕಾರ್ರೇ!"

"ಮೆಲ್ಲ ಮಾತಾಡು. ಊರು ಈಗ ಸರಿಯಾಗಿ ಉಂಟು. ನಾಳೆ ನೀನು ಬಾಯಿ ಬಿಟ್ರೆ ಎಂತಾಗ್ತದೆ ಗೊತ್ತುಂಟಾ? ನೀನು ಮಾತ್ರ ಅಲ್ಲ, ಗೊತ್ತಿದ್ದು ಸುಮ್ಮನಿದ್ದವರೆಲ್ಲ ಸುಳ್ಳರಾಗ್ತಾರೆ. ಹೋಗು, ತುಂಡು ಒಣಗಿದೆಯಾ ನೋಡು."

ಗೊತ್ತಿದ್ದು ಸುಮ್ಮನಿದ್ದವರು ಎಷ್ಟು ಜನ ಎಂದು ಅಂಗಾರ ಕೇಳಲಿಲ್ಲ. ಮನೆಗೆ ನಡೆಯುವಾಗ ಆ ಅರ್ಧ ದಿನ ನೆನಪಾಯಿತು: ಬಿಚ್ಚದ ಗಂಟು, ಸುತ್ತ ನಿಂತ ಜನ, ತುಕ್ರನ ಕತ್ತಿ.

ಮರುದಿನ ಬಿಸಿಲು ಚೆನ್ನಾಗಿತ್ತು. ತುಂಡುಗಳನ್ನೆಲ್ಲ ಕಟ್ಟೆಯ ಎದುರು ಹಾಸಿ ಕಟ್ಟಿದರು. ಹೆಂಗಸರು ಒಂದು ಬದಿಗೆ ನಿಂತರು. ಅಕ್ಕು ಎಲ್ಲರಿಗಿಂತ ಮುಂದೆ ಬಂದು ನಿಂತಿದ್ದಳು. ಗುರಿಕಾರರು ತುದಿಯಿಂದ ನಡೆದುಕೊಂಡು ಬಂದರು. "ಆಯ್ತಾ?" "ಆಯ್ತು." "ಆಯ್ತಾ?" "ಆಯ್ತು."

"ಅಂಗಾರ, ಮೂರು ಮುಳುಗು ಆಯ್ತಾ?"

ಅಂಗಾರ ಬಲೆಯ ಮೇಲೆ ಕೈ ಇಟ್ಟ. ದಪ್ಪ ಗಂಟುಗಳ ಮೇಲೆಯೇ ಇಟ್ಟ.

"ಈ ಸಲ ಆಯ್ತು. ಹೋದ ಸಲ ಆಗಿರ್ಲಿಲ್ಲ," ಎಂದ. ದನಿ ಗಟ್ಟಿಯಾಗಿಯೇ ಬಂತು. "ಒಂದೇ ಮುಳುಗು ಹಾಕಿ ನಾನು ಸುಳ್ಳು ಹೇಳಿದೆ. ಬಂಗುಡೆ ಹೋದದ್ದು ನನ್ನ ಬಲೆ ಕೊಳೆತು. ಜೊಕಿಮನ ಗಂಟು ಬಿಟ್ಟದ್ದಲ್ಲ."

ಅಂಗಾರ ಕಾದ. ಯಾರಾದರೂ ಬೈಯಲಿ, ಹೊಡೆಯಲಿ, ಮುಖಕ್ಕೆ ಉಗುಳಲಿ. ಮೂರು ವರ್ಷ ಅಲ್ಲ, ಆರು ವರ್ಷ ಹೊರಗೆ ಹಾಕಲಿ.

"ಅಂಗಾರನದ್ದು ಆಯ್ತು," ಎಂದರು ಗುರಿಕಾರರು. ಒಂದು ಹೆಜ್ಜೆ ಮುಂದಿಟ್ಟರು. "ತುಕ್ರ, ಮೂರು ಮುಳುಗು ಆಯ್ತಾ?"

"ಆಯ್ತು," ಎಂದ ತುಕ್ರ.

"ನಾನು ಹೇಳಿದ್ದು ಕೇಳಲಿಲ್ವಾ?" ಅಂಗಾರ ಕೂಗಿದ. "ನನ್ನನ್ನು ಹೊರಗೆ ಹಾಕಿ! ಅವನನ್ನು ಕರೆಯಿರಿ! ಅವನು ಧಕ್ಕೆಯಲ್ಲಿ ನಿಂತಿದ್ದಾನೆ!" ಬಲೆಯ ಉದ್ದಕ್ಕೂ ನೋಡಿದ. ಒಬ್ಬ ಸೊಂಟಕ್ಕೆ ಸುತ್ತಿದ ಬೈರಾಸು ವಸ್ತ್ರ ಬಿಗಿದುಕೊಳ್ಳುತ್ತಿದ್ದ. ಇನ್ನೊಬ್ಬ ಆಕಾಶ ನೋಡುತ್ತಿದ್ದ. ಅಕ್ಕು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಗುರಿಕಾರರು ಕೊನೆಯವನನ್ನೂ ಕೇಳಿ ಮುಗಿಸಿ ಕೈ ಎತ್ತಿದರು. ಅರವತ್ತು ಜನ ಒಟ್ಟಿಗೆ ಬಗ್ಗಿ ಬಲೆಯನ್ನು ಹೆಗಲಿಗೆತ್ತಿದರು. ಇಡೀ ಬಲೆ ಮೇಲೆದ್ದಿತು. ಅಂಗಾರನ ಎದುರಿಗೆ ಮಾತ್ರ ಜೋತುಬಿದ್ದಿತ್ತು.

"ಎತ್ತು ಮಾರಾಯ," ಎಂದ ಪಕ್ಕದ ತುಕ್ರ. ತುಕ್ರ ಅಷ್ಟು ಮೆತ್ತಗೆ ಯಾವತ್ತೂ ಮಾತಾಡಿದವನಲ್ಲ. "ಹೊತ್ತಾಗ್ತದೆ."

ಹೊಳೆಯಾಚೆ ಧಕ್ಕೆಯಲ್ಲಿ ಜೊಕಿಮ್ ತುಂಡು ಹಿಡಿದುಕೊಂಡು ಕಾಯುತ್ತಿದ್ದ. ಅಂಗಾರ ಬಗ್ಗಿ ಬಲೆಗೆ ಹೆಗಲು ಕೊಟ್ಟ.